ಶೋಭಿತಾಳ ಹಿಪ್ಪುನೇರಳೆ

ಹೊಟ್ಟೆ ತುಂಬಿದ ರೇಷ್ಮೆ ಹುಳು ತಲೆ ಎತ್ತುವುದಿಲ್ಲ. ಎಲೆಯ ಅಂಚಿಗೆ ಬಾಯಿಟ್ಟ ಮೇಲೆ ಅದಕ್ಕೆ ಲೋಕವೇ ಬೇಡ. ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದೆ ಎಂದರೆ ಹಸಿದಿದೆ ಎಂದೇ ಅರ್ಥ. ಗುರುವಾರ ಬೆಳಿಗ್ಗೆ ದೇವಿರಮ್ಮ ಹುಳುಮನೆಯ ಬಾಗಿಲು ತೆಗೆದಾಗ ಮೂರು ಅಂತಸ್ತಿನ ಸ್ಟ್ಯಾಂಡಿನ ತುಂಬ ಹುಳುಗಳು ತಲೆ ಎತ್ತಿಕೊಂಡಿದ್ದವು. ಮೇಯುವ ಹುಳುವಿನ ಮನೆಯಲ್ಲಿ ಸೋನೆ ಮಳೆ ಹಿಡಿದಂಥ ಸದ್ದಿರಬೇಕು. ಇಲ್ಲಿ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದೂ ಕೇಳುತ್ತಿತ್ತು.

ಹುಳು ಮೇಯುವುದನ್ನು ಬಿಟ್ಟು ಪೊರೆ ಕಳಚುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಮುಗಿಸಿ ಎದ್ದ ಹುಳುವಿಗೆ ಏಳೆಂಟು ದಿನ ಮೇವಿನದೇ ಧ್ಯಾನ. ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ದೇವಿರಮ್ಮನ ಹುಳು ಜ್ವರ ಎದ್ದು ನಾಲ್ಕು ದಿನವಾಗಿತ್ತು. ಇನ್ನು ನಾಲ್ಕು ದಿನ ಸೊಪ್ಪು ಸಿಕ್ಕರೆ ಗೂಡು, ಸಿಗದಿದ್ದರೆ ಎಲ್ಲವೂ ತಿಪ್ಪೆಗೆ. ಹಲಗೂರಿನಿಂದ ಮೂರು ಮೈಲಿ ದೂರದ ಅವರ ಒಂದೂಕಾಲು ಎಕರೆ ತೋಟದಲ್ಲಿ ಮೇಲಿನ ಅರ್ಧ ಕೊಯ್ದು ಮುಗಿದಿತ್ತು. ಕೆಳಗಿನ ಅರ್ಧಕ್ಕೆ ನೀರು ಹೋಗಿ ಹದಿನೈದು ದಿನವಾಗಿ, ಹಿಪ್ಪುನೇರಳೆ ಗಿಡಗಳು ಮೇಕೆಯ ಕಿವಿಯಂತೆ ಎಲೆ ಜೋಲುಬಿಟ್ಟು ನಿಂತಿದ್ದವು. ಬಾಡಿದ ಸೊಪ್ಪು ಹಾಕಿದರೆ ಹುಳು ಮೂಸಿಯೂ ನೋಡುವುದಿಲ್ಲ. ಊರಲ್ಲಿ ಕೊಂಡು ತರೋಣವೆಂದರೆ ಎಲ್ಲರ ಮನೆಯ ಹುಳುವೂ ಇದೇ ಹೊತ್ತಿಗೆ ಜ್ವರ ಎದ್ದಿತ್ತು. ಯಾರ ತೋಟದಲ್ಲೂ ಒಂದು ಹೊರೆ ಹೆಚ್ಚಿರಲಿಲ್ಲ.

ಬೋರು ಬತ್ತಿದ್ದರೆ ಹಣೆಬರಹ ಎಂದು ತಲೆ ಚಚ್ಚಿಕೊಳ್ಳಬಹುದಿತ್ತು. ಬೋರಿನಲ್ಲಿ ನೀರಿತ್ತು. ಮೋಡ ಮುಚ್ಚಿದ್ದರೆ ಮೋಡವನ್ನಾದರೂ ಬೈಯಬಹುದಿತ್ತು. ಡಿಸೆಂಬರಿನ ಬಿಸಿಲು ನಿಗಿನಿಗಿ ಎನ್ನುತ್ತಿತ್ತು. ಬಿಸಿಲಿನಿಂದಲೇ ಓಡುವ ಮೋಟಾರಿತ್ತು, ಅದಕ್ಕೆ ಹತ್ತು ಸೋಲಾರ್ ಪ್ಲೇಟುಗಳಿದ್ದವು. ಆದರೂ ನೀರು ಬರುತ್ತಿರಲಿಲ್ಲ, ಯಾಕೆಂದರೆ ಆ ಪ್ಲೇಟುಗಳ ಮೇಲೆ ಒಂದು ಮರದ ನೆರಳು ಬೀಳುತ್ತಿತ್ತು. ಮರದ ಪಕ್ಕದಲ್ಲಿ ಪ್ಲೇಟು ಹಾಕಿಸಿದವಳು ದೇವಿರಮ್ಮನೇ.

ಜೂನ್ ತಿಂಗಳಲ್ಲಿ ಮದ್ದೂರಿನಿಂದ ಸೋಲಾರ್ ಕಂಪನಿಯವನು ಬಂದು, ಪ್ಲೇಟಿನ ಕಂಬ ಎಲ್ಲಿ ನಿಲ್ಲಿಸೋಣ ಎಂದು ಕೇಳಿದ್ದ. ಅವಳ ಗಂಡ ಸಿದ್ದರಾಮು, ಬೋರಿನ ಪಕ್ಕ ತೋಟದ ನಡುವೆಯೇ ಆಗಲಿ ಎಂದ. ಅಲ್ಲಿ ನಿಲ್ಲಿಸಿದರೆ ನಾಲ್ಕು ಸಾಲು ಗಿಡ ಕೀಳಬೇಕಿತ್ತು. ದೇವಿರಮ್ಮನ ಜೀವ ಒಪ್ಪಲಿಲ್ಲ. ತೋಟದ ಒಂದು ಅಂಚಿನಲ್ಲಿ, ಮಗಳನ್ನು ಮಣ್ಣು ಮಾಡಿದ ಜಾಗದ ಸುತ್ತ, ಎಂಟು ವರ್ಷದಿಂದ ನೇಗಿಲು ತಾಗದ ಒಂದು ತುಂಡು ನೆಲ ಬೀಳು ಬಿದ್ದಿತ್ತು. ಮಣ್ಣು ಮಾಡಿದ ಕಡೆ ಯಾರೂ ಬೆಳೆ ಇಡುವುದಿಲ್ಲ. ಅಲ್ಲೇ ಹಾಕಿ, ಹೇಗೂ ಉಳದ ನೆಲ ಎಂದಳು. ಕಂಪನಿಯವನು ಅಲ್ಲಿದ್ದ ಒಂದೇ ಮರವನ್ನು ನೋಡಿದ. ನಡು ಮಧ್ಯಾಹ್ನ. ಮರ ಪ್ಲೇಟುಗಳ ಜಾಗಕ್ಕೆ ದಕ್ಷಿಣಕ್ಕಿತ್ತು, ಅದರ ನೆರಳು ಇನ್ನೂ ದಕ್ಷಿಣಕ್ಕೆ ಬುಡದಲ್ಲೇ ಮುದುಡಿಕೊಂಡಿತ್ತು. ಏನೂ ತೊಂದರೆಯಿಲ್ಲ ಎಂದು ಫೋಟೋ ಹೊಡೆದುಕೊಂಡು, ಸಿಮೆಂಟು ಸುರಿದು ಕಂಬ ನಿಲ್ಲಿಸಿ ಹೋದ.

ಜೂನಿನ ಸೂರ್ಯನೇ ಬೇರೆ, ಡಿಸೆಂಬರಿನ ಸೂರ್ಯನೇ ಬೇರೆ ಎಂಬುದು ಬಿಸಿಲನ್ನೇ ನಂಬಿ ವ್ಯಾಪಾರ ಮಾಡುವವನಿಗೆ ಗೊತ್ತಿರಬೇಡವೇ? ಗೊತ್ತಿರಲಿಲ್ಲ. ಹೊತ್ತು ನೋಡಿ ಗಂಟೆ ಹೇಳುವ ಸಿದ್ದರಾಮುವಿಗಾದರೂ ಹೊಳೆಯಬೇಡವೇ? ಅವನಿಗೂ ಹೊಳೆಯಲಿಲ್ಲ. ಸೂರ್ಯ ದಕ್ಷಿಣಕ್ಕೆ ಇಳಿಯುತ್ತಿದ್ದಂತೆ ಮರದ ನೆರಳು ಉತ್ತರಕ್ಕೆ ಹೊರಳಿ, ದಿನಕ್ಕೆರಡು ಬೆರಳು ತೆವಳಿ, ಕಾರ್ತಿಕ ಕಳೆಯುವಷ್ಟರಲ್ಲಿ ಪ್ಲೇಟುಗಳನ್ನು ಹತ್ತಿ ಕೂತಿತು. ಇನ್ನೂ ಒಂದು ತಮಾಷೆ ಇತ್ತು, ನಗಲಾರದ ತಮಾಷೆ. ಧೂಳು ಕೂತರೆ ನೀರು ಕಡಿಮೆ ಬರುತ್ತದೆ ಎಂದು ದೇವಿರಮ್ಮ ವಾರಕ್ಕೆರಡು ಸಲ ಪ್ಲೇಟು ತೊಳೆಯುತ್ತಿದ್ದಳು. ತೊಳೆದ ನೀರೆಲ್ಲ ಹರಿದು ಆ ಮರದ ಬುಡಕ್ಕೇ ಹೋಗುತ್ತಿತ್ತು. ಆರು ತಿಂಗಳಲ್ಲಿ ಮರ ಒಂದಾಳು ಎತ್ತರ ಹೆಚ್ಚೇ ಬೆಳೆಯಿತು.

ಅವಳು ಫೋನು ಮಾಡಿದಾಗ ಕಂಪನಿಯವನು, ಒಂದೆರಡು ಪ್ಲೇಟಿನ ಮೇಲೆ ನೆರಳು ಬಿದ್ದರೂ ಉಳಿದವು ಸೊರಗುತ್ತವೆ, ಒಂದಕ್ಕೊಂದು ಗಂಟು ಹಾಕಿದ್ದೇವಲ್ಲ ಎಂದ. ಕಂಬ ಕಿತ್ತು ಬೇರೆ ಕಡೆ ನಿಲ್ಲಿಸಲು ಅರ್ಜಿ ಕೊಡಬೇಕು, ಸಾಹೇಬರು ಬಂದು ನೋಡಬೇಕು, ಎರಡು ತಿಂಗಳಾದರೂ ಬೇಕು ಎಂದ. ನೀವೇ ಬಿಚ್ಚಿದರೆ ಆಮೇಲೆ ನಮ್ಮನ್ನು ಕರೆಯಬೇಡಿ ಎಂದೂ ಹೇಳಿದ. ಮರ ಕಡಿದುಹಾಕಿ, ಅರ್ಧ ಗಂಟೆ ಕೆಲಸ, ಎಂದು ನಕ್ಕ. ದೇವಿರಮ್ಮ ಫೋನಿಟ್ಟಳು.

ಅರ್ಧ ಗಂಟೆಯ ಕೆಲಸವೇ. ಆದರೆ ಆ ಮರ ಶೋಭಿತಾ.

ಎಂಟು ವರ್ಷದ ಹಿಂದೆ ತೋಟಕ್ಕೆ ನೀರು ಹಾಯಿಸಲು ತ್ರೀ ಫೇಸ್ ಕರೆಂಟು ಬರುತ್ತಿದ್ದುದು ನಡುರಾತ್ರಿ. ಸಿದ್ದರಾಮು ಸನಿಕೆ ಹಿಡಿದು ಕಾಲುವೆ ತಿರುಗಿಸುವಾಗ ಬೆಳಕು ಹಿಡಿಯಲು ಒಬ್ಬರು ಬೇಕಾಗುತ್ತಿತ್ತು. ಅವತ್ತು ಹೋದವಳು ಹನ್ನೆರಡು ವರ್ಷದ ಶೋಭಿತಾ, ಇವರಿಗಿದ್ದ ಒಬ್ಬಳೇ ಮಗಳು. ಅಪ್ಪನ ಕಾಲಿಗೆ ಏನಾದರೂ ಸಿಕ್ಕೀತೆಂದು ಅವಳು ಬ್ಯಾಟರಿಯನ್ನು ಅಪ್ಪನ ಕಾಲಿನ ಮೇಲೇ ಬಿಟ್ಟುಕೊಂಡಿದ್ದಳು. ಅವಳ ಕಾಲು ಕತ್ತಲಲ್ಲಿತ್ತು. ಹಾವು ಕಡಿದದ್ದು ಅವಳನ್ನು. ಹಲಗೂರು ದಾಟಿ ಮಳವಳ್ಳಿಯ ದಾರಿ ಹಿಡಿದ ಆಟೋದಲ್ಲೇ ಮುಗಿದುಹೋಯಿತು.

ಮಣ್ಣು ಮಾಡಿದ ಮೂರನೆಯ ದಿನ ಹಾಲು ಬಿಡಲು ಹೋದ ಸಿದ್ದರಾಮು, ಹುಳುವಿಗೆ ಸೊಪ್ಪು ಹಾಕುವುದೆಂದರೆ ಪ್ರಾಣ ಬಿಡುತ್ತಿದ್ದ ಮಗಳ ತಲೆಯ ಬಳಿ ಒಂದು ಹಿಪ್ಪುನೇರಳೆ ಕಡ್ಡಿ ನೆಟ್ಟು ಬಂದ. ಹಿಪ್ಪುನೇರಳೆಯನ್ನು ಯಾರೂ ಮರವಾಗಲು ಬಿಡುವುದಿಲ್ಲ. ಪ್ರತಿ ಬೆಳೆಗೂ ಬುಡಮಟ್ಟ ಕೊಯ್ಯುತ್ತಾರೆ, ಅದು ಮತ್ತೆ ಚಿಗುರುತ್ತದೆ, ಮತ್ತೆ ಕೊಯ್ಯುತ್ತಾರೆ. ಅದೊಂದು ಕಡ್ಡಿಗೆ ಮಾತ್ರ ಕುಡುಗೋಲು ತಾಗಲಿಲ್ಲ. ಅದರ ಒಂದೆಲೆಯನ್ನೂ ಯಾವ ಹುಳುವಿಗೂ ಹಾಕಲಿಲ್ಲ. ಕಡ್ಡಿ ಕೊಂಬೆಯಾಗಿ, ಕೊಂಬೆ ಮೂರಾಗಿ ಕವಲೊಡೆದು, ಮಗಳು ಬೆಳೆದಷ್ಟು ಬೆಳೆದು ಆಮೇಲೆ ಅವಳನ್ನೂ ಮೀರಿ ಬೆಳೆಯಿತು.

ದೇವಿರಮ್ಮ ಆ ಮರದ ಹತ್ತಿರ ಹೋಗಿ ಮಾತಾಡಿದವಳಲ್ಲ. ಅವಳು ಮಾಡಿದ್ದು ಬೇರೆ. ಲೈನ್‌ಮನ್‌ಗೆ ಹೇಳಿ ತೋಟದ ಕರೆಂಟಿನ ತಂತಿ ಕೀಳಿಸಿದಳು. ಐದು ವರ್ಷ ಮಳೆಯನ್ನೇ ನಂಬಿ, ಬೇಸಿಗೆಯಲ್ಲಿ ಕೂಲಿಗೆ ಹೋಗಿ, ಆಮೇಲೆ ಮೂರು ವರ್ಷ ಮಳವಳ್ಳಿಯ ಆಫೀಸಿಗೆ ಅಲೆದು ಅಲೆದು ಸೋಲಾರ್ ಮೋಟಾರು ತಂದಳು. ಹಗಲು ನೀರು ಬರಬೇಕು, ಅಷ್ಟೇ. ಈ ಮನೆಯಿಂದ ಇನ್ನೊಬ್ಬರು ರಾತ್ರಿ ತೋಟಕ್ಕೆ ಹೋಗಬಾರದು. ಇನ್ನೊಂದು ಮಾತೂ ಉಂಟು. ಗಂಡನನ್ನು ಅವಳು ಮೊದಲು "ಸೋಬಿತಾನಪ್ಪ" ಎಂದು ಕರೆಯುತ್ತಿದ್ದಳು, ಊರಿನ ಹೆಂಗಸರೆಲ್ಲ ಮಕ್ಕಳ ಹೆಸರು ಹಿಡಿದು ಗಂಡನನ್ನು ಕರೆಯುವ ಹಾಗೆ. ಆ ರಾತ್ರಿಯಿಂದ ಆ ಹೆಸರು ಬಾಯಿಗೆ ಬರಲಿಲ್ಲ. ಕರೆಯಬೇಕಾದರೆ "ಇಲ್ನೋಡು" ಎನ್ನುತ್ತಾಳೆ, ಇಲ್ಲವೇ ಎದುರಿಗೆ ಬಂದು ನಿಲ್ಲುತ್ತಾಳೆ.

ಸೋಮವಾರ ಹುಳು ಜ್ವರ ಎದ್ದಾಗ ಕೊಂಬೆಯಾದರೂ ಸವರೋಣ ಎಂದು ಬಾಯಿಬಿಟ್ಟಳು. ಸಿದ್ದರಾಮು ತಿನ್ನುತ್ತಿದ್ದ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅದೊಂದ್ ಮಾತ ಆಡ್ಬ್ಯಾಡ ಕಣಮ್ಮಿ. ಒಂದ್ಸಲ ಅವಳ್ನ ಕಳ್ಕಂಡಿದ್ದೀನಿ. ಇನ್ನೊಂದ್ಸಲ ನನ್ ಕೈಯಾರೆ ಕಡಿಯಾಕಿಲ್ಲ."

ಮಂಗಳವಾರ ಅವನು ಹಗ್ಗ ತಂದು ಕೊಂಬೆಗಳನ್ನು ಹಿಂದಕ್ಕೆಳೆದು ಗೂಟಕ್ಕೆ ಕಟ್ಟಿದ. ಒಂದು ಕೊಂಬೆ ಬಾಗಿದರೆ ಅದರ ಹಿಂದಿನದು ನೆರಳು ಕೊಟ್ಟಿತು. ಆಗ ಯಾರೂ ಮಾಡದ ಕೆಲಸ ಮಾಡಿದ. ಮರ ಹತ್ತಿ, ಕವಲಿನಲ್ಲಿ ಕೂತು, ಎರಡು ಕೈಯಲ್ಲೂ ಒಂದೊಂದು ಕೊಂಬೆ ಬಗ್ಗಿಸಿ ಹಿಡಿದು, ಮೂರನೆಯದನ್ನು ಕಾಲಲ್ಲಿ ಒತ್ತಿ ಹಿಡಿದ. ಪ್ಲೇಟಿನ ಮೇಲೆ ಬಿಸಿಲು ಬಿತ್ತು, ಮೋಟಾರು ಗುಯ್ಯೆಂದಿತು, ಪೈಪಿನಲ್ಲಿ ನೀರು ಬಂತು. ಕೈ ಸೋತು ಬಿಟ್ಟರೆ ನಿಂತಿತು. ಐವತ್ತೆರಡು ವರ್ಷದ ಗಂಡಸು, ಹಣ್ಣು ಕದಿಯಲು ಹತ್ತಿದವನ ಹಾಗೆ ಮರದ ಮೇಲೆ. ಕೆಳಗೆ ಹೆಂಡತಿ ಸನಿಕೆ ಹಿಡಿದು ಕಾಲುವೆಯಲ್ಲಿ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ ನಕ್ಕರು. ನಗಲಿ, ನಕ್ಕವರ ಮನೆಯ ಹುಳು ಮೇಯುತ್ತಿತ್ತು. ಎರಡು ದಿನ ಹೀಗೆ ಕೂತು ಅವನು ಇಳಿಸಿದ್ದು ಮೂರೇ ಸಾಲಿನ ನೀರು. ಬುಧವಾರ ಸಂಜೆ ಇಳಿಯುವಾಗ ಕೈ ಮಡಚಲು ಬಾರದೆ ಜಾರಿ ಬಿದ್ದ. ಅಂಗೈ ಎರಡೂ ಬಾತುಕೊಂಡಿದ್ದವು. ತುತ್ತು ಕಲಸಲು ಆಗದ ಆ ಕೈಗಳನ್ನು ನೋಡಿ ದೇವಿರಮ್ಮ ಒಳಗೆ ಹೋಗಿ ಅತ್ತಳು.

ಅವತ್ತೇ ಪಕ್ಕದ ತೋಟದ ರಾಜೇಂದ್ರ ಬಂದ. ಅವನದು ಕರೆಂಟಿನ ಮೋಟಾರು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ.

"ರಾತ್ರೆ ಒಂದಕ್ಕೆ ಕರೆಂಟು ಬತ್ತದೆ ಸಿದ್ರಾಮಣ್ಣ, ನಾಕಕ್ಕೆ ಓಯ್ತದೆ. ನನ್ ಬೋರಿಂದ ಪೈಪ್ ಎಳ್ಕೊ. ನಾಳೆಯಿಂದ ಮೂರ್ ದಿನ ನನ್ ತ್ವಾಟಕ್ಕೆ ನೀರ್ ಬ್ಯಾಡ."

ಸಿದ್ದರಾಮು ಆಗಲಿ ಎಂದು ತಲೆಯಾಡಿಸಿದ. ರಾಜೇಂದ್ರ ಹೋದ ಮೇಲೆ ದೇವಿರಮ್ಮ ಬಾಗಿಲಿಗೆ ಅಡ್ಡ ಬಂದು ನಿಂತು, ನೀನು ರಾತ್ರಿ ಹೊತ್ತು ತೋಟಕ್ಕೆ ಕಾಲಿಡುವ ಹಾಗಿಲ್ಲ ಎಂದಳು. ಅವನು ಅವಳ ಮುಖ ನೋಡದೆ ಹೇಳಿದ:

"ಉಳ ಸಾಯ್ತವೆ ಕಣಮ್ಮಿ. ಮರಾನೂ ಕಡಿಬ್ಯಾಡ ಅಂತೀನಿ, ರಾತ್ರೆನೂ ಓಗಕಿಲ್ಲ ಅಂದ್ರೆ ಎಂಗೆ? ನಂಗೇನಾದ್ರೂ ಆದ್ರೆ ಆಗ್ಲಿ ಬುಡು."

ಆಗಲಿ ಬುಡು ಎಂದದ್ದು ಎಷ್ಟು ಹಗುರವಾಗಿತ್ತೆಂದರೆ, ಎಂಟು ವರ್ಷದಿಂದ ಅವನು ಆ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ ಎಂದು ಅವಳಿಗೆ ಗೊತ್ತಾಗಿಹೋಯಿತು. ಹೆದರಿಕೆ ಹಿಡಿದದ್ದು ಆಗ. ಇವನು ಬ್ಯಾಟರಿ ಹಿಡಿಯುವುದಿಲ್ಲ. ಹಿಡಿದರೂ ಕಾಲಿನ ಕಡೆ ಬಿಡುವುದಿಲ್ಲ.

ಗುರುವಾರ ಬೆಳಿಗ್ಗೆ ಅವನು ಪೈಪು ತರಲು ಹಲಗೂರಿಗೆ ಹೊರಟ. ಬಾತ ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿಯಲಾಗದೆ ನಡೆದೇ ಹೋದ. ಬ್ಯಾಟರಿ ಸೆಲ್ಲು ತಾ ಎಂದು ಅವಳು ಹಿಂದಿನಿಂದ ಕೂಗಿ ಹೇಳಬಹುದಿತ್ತು. ರಾತ್ರಿ ಅವನನ್ನು ಕಳಿಸುವ ಮನಸ್ಸೇ ಅವಳಿಗಿರಲಿಲ್ಲ. ಹುಳುಮನೆಗೆ ಹೋದಳು, ಎತ್ತಿದ ತಲೆಗಳನ್ನು ಕಂಡಳು, ಬಾಗಿಲು ಹಾಕಿಕೊಂಡು ಬಂದಳು.

ಮಚ್ಚು, ಗರಗಸ, ಹಗ್ಗ ಹಿಡಿದು ತೋಟಕ್ಕೆ ಬಂದಾಗ ಹತ್ತು ಗಂಟೆ. ಬಿಸಿಲು ಮೋಟಾರು ಎತ್ತುವಷ್ಟು ಬಲಿಯುವ ಮೊದಲೇ ನೆರಳು ಕೊನೆಯ ಪ್ಲೇಟಿನ ಮೂಲೆ ಹಿಡಿದಿತ್ತು. ಅವಳು ಮರದ ಮುಂದೆ ನಿಂತಳು. ಬೈಗುಳ ಬಾಯಿಗೆ ಬಂತು. ಕಂಪನಿಯವನಿಗೆ, ಸೂರ್ಯನಿಗೆ, ನಾಲ್ಕು ಸಾಲು ಗಿಡಕ್ಕೆ ಆಸೆಪಟ್ಟ ತನಗೆ. ಆಮೇಲೆ ಅದೂ ನಿಂತು, ಎಂಟು ವರ್ಷದಿಂದ ಗಂಡನಿಗೂ ಹೇಳದಿದ್ದ ಮಾತು ಹೊರಗೆ ಬಂತು.

"ಅವತ್ತು ನೀನು ನಿದ್ದೆಗಣ್ಣಲ್ಲಿದ್ದೆ, ಓಗಕಿಲ್ಲ ಅಂತ ನೀನಂದೆ. ನಾನೇ ಎಬ್ಬುಸ್ದೆ ಕಣವ್ವ. ನಿಮ್ಮಪ್ಪನ ಜೊತೆ ಓಗು ಅಂತ ನಾನೇ ಕಳ್ಸುದ್ದು. ಇನ್ನೊಬ್ರುನ್ನ ಕಳ್ಸಾಕೆ ನನ್ ಕೈಲಿ ಆಗಕಿಲ್ಲ. ನೀನೇ ಓಗು."

ಎದೆಮಟ್ಟದಲ್ಲಿ ಮರ ಮೂರು ಕವಲಾಗಿತ್ತು. ಕವಲು ಪ್ಲೇಟಿನ ಮೇಲೆ ಬೀಳದಂತೆ ಹಗ್ಗ ಕಟ್ಟಿ ದಕ್ಷಿಣದ ಗೂಟಕ್ಕೆ ಬಿಗಿದಳು. ಗಂಡ ಕೊಂಬೆ ಎಳೆದು ಕಟ್ಟಿದ್ದ ಅದೇ ಹಗ್ಗ, ಅದೇ ಗೂಟ. ಗರಗಸ ಇಟ್ಟು ಎಳೆದಳು. ಹಿಪ್ಪುನೇರಳೆಯನ್ನು ಹರಿದು ಸೀಳಿದರೆ ಬುಡದೊಳಗೆ ನೀರಿಳಿದು ಕೊಳೆಯುತ್ತದೆ, ಓರೆಯಾಗಿ ನಯವಾಗಿ ಕೊಯ್ದರೆ ಚಿಗುರುತ್ತದೆ. ಮೂವತ್ತು ವರ್ಷ ಕೊಯ್ದ ಕೈಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಕಣ್ಣು ಮಂಜಾಗಿ ಕಾಣದಿದ್ದರೂ ಗರಗಸ ಓರೆಯಾಗಿಯೇ ಹೋಯಿತು. ಮೊದಲ ಕವಲು ಬಿದ್ದಾಗ ಕೂತುಕೊಂಡು ಸುಧಾರಿಸಿಕೊಂಡಳು. ಎರಡನೆಯದಕ್ಕೆ ಅಂಗೈಯ ಬೊಬ್ಬೆ ಒಡೆಯಿತು. ಮೂರನೆಯದು ಬಿದ್ದಾಗ ಹನ್ನೆರಡೂವರೆ ಇರಬೇಕು.

ಹತ್ತು ಪ್ಲೇಟುಗಳ ಮೇಲೂ ಬಿಸಿಲು ಒಟ್ಟಿಗೇ ಬಿತ್ತು. ಮೋಟಾರು ಒಂದು ಸಲ ಗೊಣಗಿ ಆಮೇಲೆ ಗಟ್ಟಿಯಾಗಿ ಹಿಡಿದುಕೊಂಡಿತು. ಪೈಪಿನ ಬಾಯಿ ಉಸಿರುಗರೆದು, ಕೆಸರು ಕಕ್ಕಿ, ಮೊಣಕೈ ಗಾತ್ರದ ನೀರು ಸುರಿಯಿತು. ಹದಿನೈದು ದಿನದಿಂದ ಕಾದಿದ್ದ ನೀರು. ದೇವಿರಮ್ಮನಿಗೆ ಎದ್ದು ಕಾಲುವೆ ಕಡಿಯಬೇಕೆಂದೂ ಅನಿಸಲಿಲ್ಲ. ನೀರು ತನಗೆ ತೋಚಿದ ಕಡೆ ಹರಿಯಿತು. ಅವಳು ಬಿದ್ದ ಕೊಂಬೆಗಳ ನಡುವೆ ಕೂತಿದ್ದಳು.

ಸಿದ್ದರಾಮು ಹೆಗಲ ಮೇಲೆ ಪೈಪಿನ ಸುರುಳಿ ಹೊತ್ತು ಬಂದವನು ದೂರದಿಂದಲೇ ಕಂಡ. ಯಾವಾಗಲೂ ಮರ ಕಾಣುವ ಕಡೆ ಬರಿ ಆಕಾಶವಿತ್ತು. ಪೈಪನ್ನು ಬದುವಿನ ಮೇಲೆ ಇಟ್ಟು, ನಿಧಾನವಾಗಿ ಬಂದು, ಮೋಟುಗಳ ಮುಂದೆ ನಿಂತ. ಹೊಡೆಯಲಿ ಎಂದು ದೇವಿರಮ್ಮ ಕಾದಳು. ಹೊಡೆದಿದ್ದರೆ ಅವಳಿಗೆ ಸುಖವಾಗುತ್ತಿತ್ತು. ಅವನು ಬಾತ ಅಂಗೈಯಿಂದ ಒಂದು ಮೋಟಿನ ಕೊಯ್ದ ಮುಖವನ್ನು ಸವರಿದ. ಹಾಲು ಜಿನುಗುತ್ತಿತ್ತು. ಇನ್ನೊಂದನ್ನು ಸವರಿದ, ಮೂರನೆಯದನ್ನೂ ಸವರಿದ.

"ಸೀಳಿಲ್ಲ" ಎಂದ.

ಅಷ್ಟೇ ಹೇಳಿದ್ದು. ಆಮೇಲೆ ಅವಳ ಪಕ್ಕದಲ್ಲಿ ಕುಕ್ಕರಿಸಿ, ಮುಖ ಮುಚ್ಚಿಕೊಂಡು, ಮೈ ಅಲ್ಲಾಡುವ ಹಾಗೆ ಅತ್ತ. ಮಗಳು ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ನಾನೇ ಅವತ್ತು ಕಳಿಸಿದ್ದು ಎಂದು ಅವನಿಗೂ ಹೇಳಿದಳು. ಗೊತ್ತು ಎನ್ನುವ ಹಾಗೆ ಅವನು ತಲೆಯಾಡಿಸಿದ. ಎಂಟು ವರ್ಷದಿಂದ ಗೊತ್ತಿತ್ತು ಅವನಿಗೆ. ನೀನು ಬೇಡ, ಮನೆಗೆ ಹೋಗು ಎಂದು ಮಗಳನ್ನು ಹಿಂದಕ್ಕೆ ಕಳಿಸದಿದ್ದವನು ಅವನು. ಅದನ್ನು ಅವನೂ ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದ.

ಬಿಸಿಲು ಸುಡುತ್ತಿತ್ತು. ಬಿದ್ದ ಕೊಂಬೆಗಳ ತುದಿಯ ಎಲೆಗಳು ಮೆತ್ತಗಾಗತೊಡಗಿದ್ದವು. ಕೊಯ್ದ ಸೊಪ್ಪು ಕಣ್ಣೆದುರು ಬಾಡುವುದನ್ನು ನೋಡುತ್ತ ಕೂರಲು ಹುಳು ಸಾಕಿದವರಿಗೆ ಆಗುವುದಿಲ್ಲ. ಮೊದಲು ಎದ್ದದ್ದು ಸಿದ್ದರಾಮು. ಒಂದೆಲೆ ಕೀಳಲು ಬಿಡದಿದ್ದವನು, ಮಡಚಲಾರದ ಬೆರಳುಗಳಲ್ಲಿ ಕಡ್ಡಿ ಕಡ್ಡಿಯಾಗಿ ಬಿಡಿಸಿ, ಹೊರೆ ಮಾಡಿ, ಒದ್ದೆ ಗೋಣಿ ಹೊದಿಸಿದ. ಅವಳೂ ಒಂದು ಹೊರೆ ಹೊತ್ತಳು. ಇಬ್ಬರೂ ಹುಳುಮನೆಗೆ ನಡೆದರು.

ಬಾಗಿಲು ತೆಗೆದಾಗ ತಲೆಗಳು ಹಾಗೆಯೇ ಎತ್ತಿಕೊಂಡಿದ್ದವು. ಕೆಳಗಿನ ಅಂತಸ್ತಿನಲ್ಲಿ ಕೆಲವು ಆಗಲೇ ಮಲಗಿಬಿಟ್ಟಿದ್ದವು, ಇನ್ನು ಏಳುವುದಿಲ್ಲ. ಸಿದ್ದರಾಮು ಒಂದು ಕಡ್ಡಿ ಎತ್ತಿಕೊಂಡು ಸ್ಟ್ಯಾಂಡಿನವರೆಗೂ ಹೋದ, ಚಾಚಿದ ಕೈ ಅಲ್ಲೇ ನಿಂತಿತು. ಅದನ್ನು ಹೆಂಡತಿಯ ಕಡೆ ತಿರುಗಿಸಿ, "ನೀನ್ ಆಕು" ಎಂದ.

ದೇವಿರಮ್ಮ ಹಾಕಿದಳು. ಮಗಳು ಹಾಕುತ್ತಿದ್ದ ಹಾಗೆ, ಒಂದು ಕಡ್ಡಿ ಈ ಕಡೆ ತಲೆ, ಒಂದು ಕಡ್ಡಿ ಆ ಕಡೆ ತಲೆ, ಸಂದಿಲ್ಲದೆ ಹಾಸಿದಳು. ಎಂಟು ವರ್ಷದ ಮರ ಮೂರು ಅಂತಸ್ತಿನ ಹುಳುವಿಗೆ ಒಂದೇ ಒಂದು ಹೊತ್ತಿನ ಮೇವಾಯಿತು. ಅದೂ ಕೊನೆಯ ಮೂಲೆಗೆ ಸಾಲಲಿಲ್ಲ. ಸಂಜೆಗೆ ಏನು, ನಾಳೆ ಬೆಳಿಗ್ಗೆಗೆ ಏನು, ಬಾಡಿದ ಕೆಳಗಿನ ತೋಟ ಅಷ್ಟರಲ್ಲಿ ತಲೆ ಎತ್ತುತ್ತದೋ ಇಲ್ಲವೋ, ಇಬ್ಬರಿಗೂ ಗೊತ್ತಿರಲಿಲ್ಲ. ಒಂದೊಂದಾಗಿ ಹುಳುಗಳ ತಲೆ ತಗ್ಗಿತು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಅಂತಸ್ತು ಅಂತಸ್ತಿನಲ್ಲಿ, ಸೋನೆ ಹಿಡಿದ ಹಾಗೆ ಸದ್ದು ಶುರುವಾಯಿತು. ಸಿದ್ದರಾಮು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಅದನ್ನೇ ಕೇಳುತ್ತ ನಿಂತುಬಿಟ್ಟ. ಅವನನ್ನು ಹಾಗೇ ಬಿಟ್ಟರೆ ಕತ್ತಲಾಗುವವರೆಗೂ ನಿಂತಿರುತ್ತಿದ್ದ.

ದೇವಿರಮ್ಮ ಬಾಗಿಲಲ್ಲಿ ಬಿದ್ದಿದ್ದ ಸನಿಕೆ ಎತ್ತಿಕೊಂಡಳು.

"ಸೋಬಿತಾನಪ್ಪ, ನೀರು ಬದು ಒಡ್ಕಂಡು ಓಯ್ತಾ ಅದೆ. ಬಾ, ಬಿಸ್ಲಿರೋವಾಗ್ಲೇ ತಿರುಗ್ಸಿ ಬರಾನ."

ಅವನು ಕಣ್ಣು ತೆರೆದು ಅವಳನ್ನು ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಅವಳ ಹಿಂದೆ ತೋಟಕ್ಕೆ ಹೊರಟ.